ಬ್ಯಾರನ್ನಿನ ಮೊದಲ ಬೆಂಕಿ

೩-೮-೧೯೭೩, ಶುಕ್ರವಾರ, ಬಿಳಿಕೆರೆ

ಒಡಲುರಿ ಇನ್ನೂ ಆರಿಲ್ಲ. ಮಗುವಿನ ಬುದ್ಧಿಯ ನನ್ನ ತಮ್ಮ ಜವರನಿಗೆ ಬೇಸಿಗೆಯಿಡೀ ಅಭ್ಯಾಸಕ್ಕೆ ಹೊಂಗೆ ಎಲೆ ಕೊಟ್ಟು, ಕಡ್ಡಿಗೆ ಹೊಗೆಸೊಪ್ಪು ಕಟ್ಟುವುದನ್ನು ಕಲಿಸಿದೆ. ನಾವು ಕೂಲಿಗೆ ಹೋಗುವ ಗೋವಿಂದಯ್ಯನವರ ಬ್ಯಾರನ್ನಿನಲ್ಲಿ, ಸೊಪ್ಪು ಹದ ಮಾಡುವ ಆ ಬೆಂಕಿಮನೆಯಲ್ಲಿ, ಬೇಯಲು ಏರಿಸಿದ ಸೊಪ್ಪಿನಲ್ಲಿ ಅರ್ಧ ಅವನು ಕಟ್ಟಿದ್ದೇ. ಇವತ್ತು ವರ್ಷದ ಮೊದಲ ಬೆಂಕಿಗೆ ಪೂಜೆ. ಜವರ ಮಿಂದು, ವಿಭೂತಿ ಇಟ್ಟುಕೊಂಡು ಬಂದಿದ್ದ.

"ಇಂಥೋರು ಎದುರಿಗಿರಬಾರದು ಕಣಮ್ಮ. ಬೆಂಕಿ ಹತ್ಕಳ್ಳಿ, ಆಮೇಲೆ ಕರ್ಕೊಂಡ್ ಬಾ. ಕಟ್ಟೋ ಸೊಪ್ಪು ಇನ್ನೂ ಬಿದ್ದದೆ," ಎಂದರು ಗೋವಿಂದಯ್ಯ.

"ಅಂಗಾದ್ರೆ ಅವ್ನು ಕಟ್ಟಿದ್ನೂ ಇಳ್ಸಿ, ಆಮೇಲೆ ಬೆಂಕಿ ಆಕಿ," ಎಂದೆ. ಜವರನನ್ನು ಬೇಲಿಯಾಚೆ ಕಳಿಸಿ, ಗೋವಿಂದಯ್ಯ ಒಲೆಗೆ ಬೆಂಕಿ ಇಟ್ಟರು.

ಬೇಲಿಯಾಚೆ ನಿಂತ ಜವರ, ಹೊಗೆ ಕಂಡದ್ದೇ ಕೈ ಮುಗಿದ. "ಅಕ್ಕ, ನನ್ ಸೊಪ್ಪು ಬೇಯ್ತಾ ಅದೆ!"

ಸೊಪ್ಪು ಕಟ್ಟಲು ಹೋಗಬೇಕು, ಬೆಳಿಗ್ಗೆ ಬೇಗ ಎಬ್ಬಿಸು ಎಂದು ಹೇಳಿ ಮಲಗಿದ್ದಾನೆ. ಎಬ್ಬಿಸುತ್ತೇನೆ. ಈ ಊರಲ್ಲಿ ಅವನಿಗೆ ಕೆಲಸ ಕೊಡುವವರು ಇನ್ನೊಬ್ಬರಿಲ್ಲ.