ಟೈರು ಕೋಣೆಗೆ ಹೋಗುವವರು ಯಾರೆಂದು ನೀವು ಕೇಳಿದ್ದರ ಬಗ್ಗೆ

ಸಾರಿಗೆ ಸಂಸ್ಥೆಯ ಮುಖ್ಯಾಧಿಕಾರಿಗಳಾದ ಮಾನ್ಯರೇ,

ಕಳೆದ ತಿಂಗಳು ನೀವು ನಮ್ಮ ಡಿಪೋಗೆ ಬಂದಿರಿ. ಚಾಲಕರು, ನಿರ್ವಾಹಕರನ್ನೆಲ್ಲ ಕ್ಯಾಂಟೀನಿನಲ್ಲಿ ಕೂರಿಸಿ, "ಆ ಟೈರು ಕೋಣೆಗೆ ತಲೆ ರಿಪೇರಿಗೆ ಯಾರ್ಯಾರು ಹೋಗ್ತಿದೀರಿ? ಕೈ ಎತ್ತಿ" ಎಂದು ಕೇಳಿದಿರಿ. ಚಾಲಕನೊಬ್ಬನೂ ಕೈ ಎತ್ತಲಿಲ್ಲ. ಎತ್ತಿದವಳು ಒಬ್ಬ ನಿರ್ವಾಹಕಿ. ಮರುದಿನವೇ ಆಕೆಯನ್ನು ಬಸ್ಸಿನಿಂದ ಇಳಿಸಿ, ಪ್ರಯಾಣಿಕರು ಮರೆತುಹೋದ ಕೊಡೆ, ಚೀಲ ಕಾಯುವ ಕೆಲಸಕ್ಕೆ ಹಾಕಿದಿರಿ. ಟೈರು ಕೋಣೆಗೆ ಬೀಗ ಬಿತ್ತು. ನನ್ನ ದೂರು ಇಷ್ಟೇ. ಆದರೆ ನಿಮ್ಮ ಮೇಲೆ ಸಿಟ್ಟಾಗಲು ಹೊರಟಾಗಲೆಲ್ಲ ನನ್ನ ಮುಖವೇ ನನಗೆ ಅಡ್ಡ ಬರುತ್ತದೆ. ಕೈ ಎತ್ತದೆ ಕೂತವರಲ್ಲಿ ನಾನೂ ಒಬ್ಬ.

ಈ ಪತ್ರ ಓದುವ ಬೇರೆಯವರಿಗೂ ವಿಷಯ ಗೊತ್ತಿರಲಿ. ನಿಮ್ಮ ಕಚೇರಿಯ ಮೂರನೇ ಮಹಡಿಯಲ್ಲಿ ಅಧಿಕಾರಿಗಳಿಗಾಗಿ ಒಬ್ಬ ಮನಶ್ಶಾಸ್ತ್ರಜ್ಞೆಯನ್ನು ನೇಮಿಸಿದ್ದೀರಿ. ಅಲ್ಲಿ ಮೆತ್ತನೆಯ ಕುರ್ಚಿ ಇದೆ, ಮುಚ್ಚುವ ಬಾಗಿಲಿದೆ, ಆಡಿದ ಮಾತು ಆಚೆ ಹೋಗಬಾರದೆಂಬ ನಿಯಮವಿದೆ. ಬಹಳ ಒಳ್ಳೆಯದು. ಡಿಪೋದವರಿಗೂ ಇದೇ ಸೌಲಭ್ಯ ಕೊಡಿ ಎಂದು ಆ ಮೇಡಂ ಕೇಳಿದಾಗ, ಚಾಲಕರು ಬೇಕಿದ್ದರೆ ಡಿಪೋ ವ್ಯವಸ್ಥಾಪಕರಿಗೆ ಕಾರಣ ತಿಳಿಸಿ, ಅನುಮತಿ ಪಡೆದು ಬರಲಿ ಎಂದಿರಂತೆ. ಮೂರನೇ ಮಹಡಿಯವರಿಗೆ ಮನಸ್ಸಿರುತ್ತದೆ, ನೆಲಮಹಡಿಯವರಿಗೆ ಬರೀ ಕಾರಣವಿರುತ್ತದೆ, ಅಲ್ಲವೇ?

ಆಕೆ ನಿಮ್ಮೊಡನೆ ವಾದ ಮಾಡಲಿಲ್ಲ. ತಮ್ಮ ರಜೆಯ ದಿನ ಬಿಟ್ಟಿಯಾಗಿ ನಮ್ಮಲ್ಲಿಗೇ ಬರತೊಡಗಿದರು. ಟೈರು ಕೋಣೆಯಲ್ಲಿ ಹಳೇ ಟೈರುಗಳನ್ನು ಒಂದು ಗೋಡೆಗೆ ಒತ್ತರಿಸಿ, ಒಂದೇ ಎತ್ತರದ ಎರಡು ಕುರ್ಚಿಗಳನ್ನು ತಾವೇ ತಂದು ಹಾಕಿದರು. ಮೇಲಿನವರಿಗೆ ಎಷ್ಟು ಹೊತ್ತು ಕೊಡುತ್ತಿದ್ದರೋ ನಮಗೂ ಅಷ್ಟೇ ಹೊತ್ತು. ಇಷ್ಟೇ ಅಲ್ಲ, ತಾವೊಬ್ಬರೇ ಸಾಲುವುದಿಲ್ಲ ಎಂದು ಆ ನಿರ್ವಾಹಕಿಯನ್ನು ಜೊತೆಗೆ ಕೂರಿಸಿಕೊಂಡು ಪಳಗಿಸಿದರು. ಬುದ್ಧಿ ಹೇಳಬಾರದು, ಕೇಳಿಸಿಕೊಳ್ಳಬೇಕು, ಎದುರಿನವರು ಸುಮ್ಮನಾದರೆ ನಾವೂ ಸುಮ್ಮನಿರಬೇಕು ಎಂದು ಕಲಿಸಿದರು. ದಿನವಿಡೀ "ಮುಂದೆ ಹೋಗಿ, ಮುಂದೆ ಹೋಗಿ" ಎಂದು ಕೂಗುವವಳಿಗೆ ಸುಮ್ಮನಿರುವುದನ್ನು ಕಲಿಸುವುದೆಂದರೆ ಸಾಮಾನ್ಯವೇ? ಆದರೂ ಕಲಿತಳು. ಈಗ ಮನಶ್ಶಾಸ್ತ್ರದ ಪದವಿಗೂ ಅರ್ಜಿ ಹಾಕಿದ್ದಾಳೆ.

ಇನ್ನು ನನ್ನ ಕಾರಣ. ನನ್ನ ಬಸ್ಸಿನ ಮುಂದಿನ ಸೀಟಿಗೆ ನಿವೃತ್ತ ಕೈಗಡಿಯಾರ ರಿಪೇರಿಯವರೊಬ್ಬರು ದಿನವೂ ಬಂದು ಕೂರುತ್ತಿದ್ದರು. ನನಗೋ ಬಾಯಿ ಸುಮ್ಮನಿರದು. ಒಂದು ದಿನ ಮಗಳ ಮದುವೆಯ ಮಾತು, ಅಳಿಯನ ಗೊರಕೆಯ ಮಾತು ಎಲ್ಲ ಹೇಳುತ್ತಾ ಕೊನೆಯ ನಿಲ್ದಾಣದವರೆಗೂ ಹೋದೆ. "ಇಳೀರಿ ಯಜಮಾನ್ರೇ" ಎಂದು ತಿರುಗಿದರೆ ಅವರು ಯಾವಾಗಲೋ ಹೋಗಿಬಿಟ್ಟಿದ್ದರು. ನಾನು ಅರ್ಧ ದಾರಿ ಹೆಣದ ಜೊತೆ ಹರಟೆ ಹೊಡೆದಿದ್ದೆ.

ಅಪಘಾತವಲ್ಲ, ನನ್ನ ತಪ್ಪೂ ಅಲ್ಲ. ಯಾರಿಗೆ ಏನೆಂದು ಹೇಳಲಿ? ಅಲ್ಲಿಂದಾಚೆಗೆ ಬಸ್ಸಿನಲ್ಲಿ ಸದ್ದಡಗಿದರೆ ಕಣ್ಣು ರಸ್ತೆ ಬಿಟ್ಟು ಕನ್ನಡಿಗೆ ಹೋಗುತ್ತಿತ್ತು. ಹಿಂದಿರುವವರು ಉಸಿರಾಡುತ್ತಿದ್ದಾರೋ ಇಲ್ಲವೋ ಎಂದು ನೋಡುತ್ತಿದ್ದೆ. ಒಮ್ಮೆ ಹಾಗೇ ನೋಡುತ್ತಾ ಸೈಕಲ್ಲಿನವನೊಬ್ಬನನ್ನು ಕೂದಲೆಳೆಯಲ್ಲಿ ತಪ್ಪಿಸಿದೆ. ಮನೆಯಲ್ಲೂ ಅದೇ ಗೋಳು. ಮಾತಾಡಿಸಿದಾಗ ಹೆಂಡತಿ ಓಗೊಡದಿದ್ದರೆ ಹೋಗಿ ಭುಜ ಹಿಡಿದು ಅಲುಗಿಸುತ್ತಿದ್ದೆ. "ನಾನು ಉತ್ತರ ಕೊಡ್ಲಿಲ್ಲ ಅಂದ್ರೆ ಸತ್ತಿದೀನಿ ಅಂತಲ್ಲ ಕಣ್ರೀ, ಸಿಟ್ಟಲ್ಲಿದೀನಿ ಅಂತ" ಎಂದು ಅವಳು ನಕ್ಕಳು. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದಳು.

ಸೈಕಲ್ಲಿನವನನ್ನು ತಪ್ಪಿಸಿದಾಗ ಬಸ್ಸಿನಲ್ಲಿದ್ದ ನಿರ್ವಾಹಕಿ, ಕ್ಯಾಂಟೀನಿನಲ್ಲಿ ಕೈ ಎತ್ತಿದ ಇವಳೇ. ಅವಳು ನನ್ನನ್ನು ಬೈಯಲಿಲ್ಲ, ಮೇಲಿನವರಿಗೆ ಹೇಳಲೂ ಇಲ್ಲ. ಪಾಳಿ ಮುಗಿದ ಮೇಲೆ ಟೈರು ಕೋಣೆಯವರೆಗೆ ಜೊತೆಗೆ ಬಂದಳು. ಸ್ಪ್ಯಾನರ್ ಹುಡುಕುವ ನೆಪದಲ್ಲಿ ಒಳಗೆ ಹೋದವನು ನಾನು. ಆ ವರ್ಷವೆಲ್ಲ ಹೋದೆ, ಪ್ರತಿ ಸಲವೂ ನೆಪ ಹೇಳಿಕೊಂಡೇ ಹೋದೆ. ಈಗ ಕಣ್ಣು ರಸ್ತೆಯ ಮೇಲಿರುತ್ತದೆ. ನಿಮ್ಮ ಸಂಸ್ಥೆ ಕಾಸು ಖರ್ಚಿಲ್ಲದೆ ಒಬ್ಬ ಚಾಲಕನನ್ನು ಉಳಿಸಿಕೊಂಡಿತು.

ಅಂಥ ಕೋಣೆಯ ಬಗ್ಗೆ ನೀವು ಆ ದಿನ, ಹುಚ್ಚು ಹಿಡಿದವರ ಕೈಗೆ ಬಸ್ಸು ಕೊಡಲಾಗುವುದಿಲ್ಲ ಎಂದಿರಿ. ಯಾರೋ ನಕ್ಕರು. ಹೇಳಲು ನಾಲಿಗೆ ಏಳುತ್ತಿಲ್ಲ, ಆದರೂ ಹೇಳುತ್ತೇನೆ: ನಾನೂ ನಕ್ಕೆ. ಮೇಡಂ ಬಾಗಿಲ ಬಳಿ ನಿಂತಿದ್ದರು. ಹೋಗುವವರ ಹೆಸರು ಕೊಡಿ ಎಂದು ನೀವು ಅವರತ್ತ ತಿರುಗಿದಿರಿ. "ಮೂರನೇ ಮಹಡಿಗೆ ಬರೋರ ಹೆಸರನ್ನೂ ಇಲ್ಲೇ ಓದ್ಲಾ ಸಾರ್?" ಎಂದರು ಅವರು, ದನಿ ಏರಿಸದೆ. ಆಗ ನಿಮ್ಮ ಕಿವಿ ಕೆಂಪಾದದ್ದನ್ನು ನಾವೆಲ್ಲ ನೋಡಿದೆವು. ಆ ಹೊತ್ತಿಗೆ ನಿರ್ವಾಹಕಿ ಕೈ ಎತ್ತಿದಳು. ನಮ್ಮತ್ತ ತಿರುಗಿಯೂ ನೋಡಲಿಲ್ಲ. ನೋಡಿದ್ದರೆ ನಾನು ಮೇಜಿನ ಕೆಳಗೆ ಬಿದ್ದ ಚಮಚ ಹುಡುಕುತ್ತಿರುವುದು ಕಾಣುತ್ತಿತ್ತು. ಚಮಚ ಬಿದ್ದಿರಲೇ ಇಲ್ಲ.

ಮುಂದಿನ ವಾರ ಅವಳ ಹೊಸ ಕೋಣೆಗೆ ಹೋದೆ. ಸುತ್ತ ದಿಕ್ಕಿಲ್ಲದ ಕೊಡೆಗಳು, ನಡುವೆ ಅವಳು. ಬಾಗಿಲಲ್ಲೇ ನಿಂತೆ.

"ಕೋಪ ಇಲ್ಲ ಅಂದ್ರೆ ಸುಳ್ಳಾಗುತ್ತೆ ಅಣ್ಣಾ" ಎಂದಳು. "ಆದ್ರೂ ಕೂತ್ಕೊಳ್ಳಿ."

ಕೂತೆ. ಅವಳು ಸುಮ್ಮನಿದ್ದಳು. ನಾನು ಬಾಯಿಬಿಡುವವರೆಗೂ ಸುಮ್ಮನಿದ್ದಳು. ನಿಮ್ಮಿಂದ ಬಸ್ಸಿನ ಕೆಲಸ ಕಳೆದುಕೊಂಡ ಮೇಲೂ, ನನ್ನಂಥವನ ಮುಂದೆ ಅವಳು ಕಲಿತ ಕೆಲಸವನ್ನು ಬಿಡಲಿಲ್ಲ. ಅಂದು ಪಟ್ಟಷ್ಟು ನಾಚಿಕೆಯನ್ನು ನಾನು ಜೀವನದಲ್ಲಿ ಪಟ್ಟಿಲ್ಲ.

ಆದ್ದರಿಂದ ಮಾನ್ಯರೇ, ಆ ನಿರ್ವಾಹಕಿಯನ್ನು ಅವಳ ಬಸ್ಸಿಗೆ ವಾಪಸು ಕಳಿಸಿ. ಕೋಣೆಯ ಬೀಗ ತೆಗೆಸಿ, ಒಳಗಿನಿಂದ ಹಾಕಿಕೊಳ್ಳಲು ಒಂದು ಚಿಲಕ ಇಡಿಸಿ. ಮೇಡಂ ಕೇಳಿದ್ದು ದಯೆಯಲ್ಲ. ಮೇಲಿನ ಮಹಡಿಗೂ ಕೆಳಗಿನ ಮಹಡಿಗೂ ಒಂದೇ ನಿಯಮ. ಅದನ್ನು ಕೊಡಿ. ಇನ್ನು ನನ್ನನ್ನೂ ಬಸ್ಸಿನಿಂದ ಇಳಿಸಲೇಬೇಕೆಂದರೆ ಇಳಿಸಿ. ಆದರೆ ಅದೇ ಕ್ಯಾಂಟೀನಿನಲ್ಲಿ, ಎಲ್ಲರಿಗೂ ಕೇಳುವಂತೆ ಹೇಳಿ ಇಳಿಸಿ: ಕಾಯಿಲೆ ಬಂದದ್ದಕ್ಕೋ, ವಾಸಿಮಾಡಿಕೊಂಡದ್ದಕ್ಕೋ?

ಇಂತಿ,
ಸುಮ್ಮನಿರಬಾರದ ಹೊತ್ತಿನಲ್ಲಿ ಸುಮ್ಮನಿದ್ದ,
ನಿಮ್ಮ ಡಿಪೋದ ವಾಚಾಳಿ ಚಾಲಕ