ಮೇಲಿನ ಕೊಂಬೆಯ ಕ್ಯಾಮೆರಾ

ಟಾಲಿವರ್ ಗುಡ್ಡ, ಅಲಬಾಮ
ಜನವರಿ 14

ತಮ್ಮಾ ಐಸಮ್,

ನೀನು ಚೆನ್ನಾಗಿದ್ದೀಯ ಎಂದೇ ನಂಬಿದ್ದೇನೆ. ಅಕ್ಕನ ಫೋನು ಬಡಿದುಕೊಳ್ಳುವುದನ್ನು ನೋಡುತ್ತಾ ಕೂರಬೇಕಾದರೆ ಮನುಷ್ಯನಿಗೆ ಒಳ್ಳೆಯ ಆರೋಗ್ಯವೇ ಇರಬೇಕು. ಹೊಸ ವರ್ಷದಿಂದ ಮಾಡುತ್ತಲೇ ಇದ್ದೇನೆ. ಒಮ್ಮೆ ನಿನ್ನ ಹೆಂಡತಿ ಎತ್ತಿ, "ಡ್ಯೂಟಿಗೆ ಹೋಗಿದ್ದಾರೆ ಅತ್ತಿಗೆ" ಅಂದಳು. ಹಿಂದಿನಿಂದ ನಿನ್ನ ಕೆಮ್ಮು ಕೇಳಿಸಿತು. ಅಪ್ಪನದೇ ಕೆಮ್ಮು ಅದು, ನನಗೆ ಗುರುತು ಸಿಗದೆ ಇರುತ್ತದೆಯೇ? ಅದಕ್ಕೇ ಈ ಕಾಗದ. ಇದನ್ನು ಹರಿದು ಹಾಕಬಹುದು, ಆದರೆ ಹರಿಯುವ ಮುಂಚೆ ನೀನು ಓದೇ ಓದುತ್ತೀ.

ಮೊದಲು ಡೀಕನ್ ಸುದ್ದಿ ಹೇಳಿಬಿಡುತ್ತೇನೆ. ಹೋದ ವರ್ಷ ನೀನು ಬಂದಾಗ ಫೋಟೋದಲ್ಲಿ ನೋಡಿದ್ದೆಯಲ್ಲ, ಹತ್ತು ಕವಲಿನ ಕೊಂಬಿನ ಗಂಡು ಜಿಂಕೆ, ನಮ್ಮ ಚರ್ಚಿನ ಡೀಕನ್ ಹಿರಿಯರ ಹಾಗೆ ತಲೆಯೆತ್ತಿ, ಯಾರಿಗೂ ದಾರಿ ಬಿಡದೆ ನಡೆಯುವವನು. ಈ ಸಲ ಕೊಂಬು ಇನ್ನೂ ದಪ್ಪಗಾಗಿದೆ. ಹಳ್ಳದ ಪಕ್ಕದ ಓಕ್ ಮರಕ್ಕೆ ನಾವಿಬ್ಬರೂ ಸೇರಿ ಕಟ್ಟಿದ, ಏನಾದರೂ ಅಲ್ಲಾಡಿದರೆ ತಾನೇ ಫೋಟೋ ಹೊಡೆಯುವ ಜಿಂಕೆ ಕ್ಯಾಮೆರಾದಲ್ಲಿ ಅಕ್ಟೋಬರಿನಿಂದ ಸಿಗುತ್ತಿದ್ದ. ಬೆಳಗಿನ ಹೊತ್ತು ಬರುತ್ತಿದ್ದ, ಕಾಲಿನಿಂದ ಮಣ್ಣು ಕೆರೆಯುತ್ತಿದ್ದ, ಎಳೆಯ ಗಿಡಕ್ಕೆ ಕೊಂಬು ತಿಕ್ಕುತ್ತಿದ್ದ. ನಾನು ವಾರಕ್ಕೊಮ್ಮೆ ಅದರ ಫೋಟೋ ಕಾರ್ಡು ತೆಗೆದು ನೋಡಿ, ಗಾಳಿ ಯಾವ ಕಡೆಯದು ಎಂದು ಲೆಕ್ಕ ಹಾಕಿ, ಕಾದು ಕೂರುವ ಮರೆಯನ್ನು ಆಚೆ ದಂಡೆಗೆ ಬದಲಾಯಿಸಿದೆ. ಜನವರಿಯಲ್ಲಿ ಬೆದೆಗೆ ಬಂದಾಗ ಮೈಮರೆಯುತ್ತಾನೆ, ಆಗ ನನ್ನವನು ಎಂದು ಕಾದೆ. ಅವನ ಮಾಂಸ ಯಾರ್ಯಾರ ಮನೆಗೆ ಎಂದು ಆಗಲೇ ಹಂಚಿಯೂ ಆಗಿತ್ತು. ಒಂದು ತೊಡೆ ನಿನಗೆ.

ಕ್ರಿಸ್‌ಮಸ್ ಕಳೆದ ಮೇಲೆ ಕಾರ್ಡು ನೋಡುವುದು ಬಿಟ್ಟು ನಾನೇ ಮರೆಯಲ್ಲಿ ಕೂತು ಕಾದೆ. ಡೀಕನ್ ಹಗಲು ಬರಲೇ ಇಲ್ಲ. ಹೆಣ್ಣು ಜಿಂಕೆಗಳು ಬಂದವು, ಮೂಗು ಮೇಲೆತ್ತಿದವು, ತಿರುಗಿ ಹೋದವು. ಮನುಷ್ಯನ ವಾಸನೆ ಹಾದಿಯ ಮೇಲೆ ಬಿದ್ದರೆ ಅವು ಹಾಗೆಯೇ. ನನ್ನ ವಾಸನೆ ಅವಕ್ಕೆ ಗೊತ್ತು. ಇದು ಬೇರೆಯವರದು.

ಹುಡುಕುತ್ತಾ ಹೋದೆ. ನಮ್ಮ ಗಡಿಯುದ್ದಕ್ಕೂ ಮರಗಳಿಗೆ ಗುಲಾಬಿ ಬಣ್ಣದ ಪ್ಲಾಸ್ಟಿಕ್ ಪಟ್ಟಿ ಕಟ್ಟಿದ್ದರು. ಮೂಲೆಗಲ್ಲಿನ ಹತ್ತಿರ ಹೊಸ ಕಬ್ಬಿಣದ ಗೂಟ. ಭೂಮಿ ಅಳೆಯುವವರು ಬಂದು ಹೋಗಿದ್ದಾರೆ, ಐಸಮ್. ನಮ್ಮ ಭೂಮಿಯನ್ನು, ನಮ್ಮನ್ನು ಕೇಳದೆ.

ಲವೀ ಅತ್ತೆಗೆ ಹೇಳಿದರೆ ಮೊದಲು ತಮಾಷೆ ಮಾಡಿದಳು. "ಜಿಂಕೆಗಳು ಕ್ರಿಸ್‌ಮಸ್‌ಗೆ ಅಲಂಕಾರ ಮಾಡ್ಕೊಂಡಿರ್ಬೇಕು ಬಿಡೇ. ಆ ನಿನ್ನ ಕ್ಯಾಮೆರಾ ಡಬ್ಬೀಲಿ ನಿಮ್ಮಪ್ಪನ ದೆವ್ವ ಏನಾದ್ರೂ ಸಿಕ್ರೆ ನಂಗೂ ತೋರ್ಸು, ನನ್ನ ಕಬ್ಬಿಣದ ಬಾಣಲೆ ತಗೊಂಡ್ಹೋದೋನು ವಾಪಸ್ ಕೊಡ್ದೇ ಸತ್ತ" ಅಂದಳು. ಆಮೇಲೆ ಪಟ್ಟಿಯ ತುಂಡನ್ನು ಕೈಗೆ ಕೊಟ್ಟೆ. ಎಂಬತ್ತೈದರ ಬೆರಳಿಗೆ ಸುತ್ತಿಕೊಂಡು, ತಾತನ ಕಾಗದಪತ್ರದ ಪೆಟ್ಟಿಗೆ ತರಿಸಿ ಪಕ್ಕದಲ್ಲಿಟ್ಟುಕೊಂಡಳು. 

ಯಾಕೆ ಎಂದು ನಿನಗೆ ಗೊತ್ತು. ಆದರೂ ಬರೆಯುತ್ತೇನೆ, ಗೊತ್ತಿಲ್ಲದವರ ಹಾಗೆ ನೀನು ನಟಿಸಬಾರದಲ್ಲ. ಈ ಎಂಬತ್ತು ಎಕರೆ ಇವತ್ತಿಗೂ ತಾತನ ಹೆಸರಿನಲ್ಲೇ ಇದೆ. ಅವನು ಉಯಿಲು ಬರೆಯಲಿಲ್ಲ. ಆ ಕಾಲದ ಕೋರ್ಟಿನ ಮೆಟ್ಟಿಲನ್ನು ಕರಿಯನೊಬ್ಬ ಹತ್ತಿದರೆ ಬರಿಗೈಯಲ್ಲಿ ಇಳಿಯುತ್ತಾನೆ ಎಂದು ಅವನಿಗೆ ಗೊತ್ತಿತ್ತು. ಹಾಗಾಗಿ ಅರ್ಧ ಅವನ ಮಗಳು ಅತ್ತೆಯದು, ಅಪ್ಪನ ಅರ್ಧದಲ್ಲಿ ಕಾಲು ನನ್ನದು, ಕಾಲು ನಿನ್ನದು. ಆದರೆ ಯಾವ ಮರ ಯಾರದು ಎಂದು ಗೆರೆ ಇಲ್ಲ. ನಮ್ಮಲ್ಲಿ ಒಬ್ಬರು ತಮ್ಮ ಪಾಲು ಮಾರಿದರೆ ಸಾಕು. ಕೊಂಡವನು ಕೋರ್ಟಿಗೆ ಹೋಗಿ ಪೂರಾ ಭೂಮಿಯನ್ನೇ ಮಾರಿಸಿ ಎಂದು ಕೇಳಬಹುದು. ಆ ಪಾಲನ್ನು ಮೊದಲು ಕೊಳ್ಳುವ ಹಕ್ಕು ನಮಗಿದೆಯಂತೆ, ನಮ್ಮಂಥವರ ಭೂಮಿಯ ಕೇಸು ನೋಡುವ ವಕೀಲಮ್ಮ ಹೇಳಿದಳು. ಹಕ್ಕು ಇದೆ ಎಂದು ಕೇಳಿ ನನಗೆ ನಗು ಬಂತು. ಮೀನಿನ ಕಾರ್ಖಾನೆಯಲ್ಲಿ ಚರ್ಮ ಸುಲಿದು ಸುಲಿದು ಬೆರಳು ಸೆಟೆದವಳ ಹತ್ತಿರ ಆ ಹಕ್ಕನ್ನು ಚಲಾಯಿಸುವ ದುಡ್ಡು ಎಲ್ಲಿಂದ ಬರಬೇಕು?

ಮೂರು ಕಡೆಯಿಂದ ನಮ್ಮನ್ನು ಸುತ್ತಿಕೊಂಡಿರುವ ಬಿಳಿಯರ ಬೇಟೆ ಕ್ಲಬ್ಬಿನವರಿಗೆ ನಮ್ಮ ಹಳ್ಳ ಬೇಕು. ಜಿಂಕೆಗಳೆಲ್ಲ ನೀರಿಗೆ ಇಲ್ಲಿಗೇ ಇಳಿಯುತ್ತವೆ. ಅವರ ತಾತಂದಿರ ಕಾಲದಲ್ಲಿ ನಾಯಿ ಹಿಡಿದು ಪೊದೆ ಬಡಿದು ಜಿಂಕೆ ಎಬ್ಬಿಸುವವರು ನಮ್ಮವರು, ಕುದುರೆ ಮೇಲೆ ಕೂತು ಗುಂಡು ಹೊಡೆಯುವವರು ಅವರು. ಸಂಜೆ ನಮ್ಮವರಿಗೆ ಕುತ್ತಿಗೆ, ಕರುಳು. ನಮ್ಮ ತಾತ ಆ ಕುತ್ತಿಗೆ ಮಾಂಸ ತಿಂದು ತಿಂದು ಸಾಕಾಗಿಯೇ 1919ರಲ್ಲಿ ಈ ನೆಲ ಕೊಂಡ. ಇಲ್ಲಿ ನಮಗಾಗಿ ನಾವೇ ಹೊಡೆಯುತ್ತೇವೆ, ತೊಡೆಯನ್ನೂ ನಾವೇ ತಿನ್ನುತ್ತೇವೆ. ಅವರ ಹೊಟ್ಟೆಯಲ್ಲಿ ನೂರು ವರ್ಷದಿಂದ ಉರಿಯುತ್ತಿರುವುದು ಇದೇ.

ಕ್ಲಬ್ಬಿನ ಹ್ಯಾಸ್ಕ್ಯೂ ನಮ್ಮ ಗೇಟಿನ ಹತ್ತಿರ ಲಾರಿಯಷ್ಟು ಎತ್ತರದ ಗಾಡಿ ನಿಲ್ಲಿಸಿ ಮಾತಾಡಿಸಿದ. ಇಳಿಯಲಿಲ್ಲ. ಅವನಿಗೆ ನನ್ನ ಮಗನ ವಯಸ್ಸು, ಆದರೂ ಬಾಯಿ ತುಂಬ "ವರ್ನೆಟ್ಟಾ" ಅಂತಾನೆ. "ವರ್ನೆಟ್ಟಾ, ಒಬ್ಬಳೇ ಇಷ್ಟೊಂದು ಕಾಡು ಇಟ್ಕೊಂಡು ಏನ್ಮಾಡ್ತೀಯ?" ಅಂದ. "ನೀವಿಷ್ಟು ಜನ ಅಷ್ಟೊಂದು ಇಟ್ಕೊಂಡು ಏನ್ಮಾಡ್ತೀರೋ ಅದನ್ನೇ ಮಾಡ್ತೀನಿ, ಹ್ಯಾಸ್ಕ್ಯೂ ಸಾಹೇಬ್ರೇ" ಅಂದೆ. ಪಟ್ಟಿ ಕಟ್ಟಿದ್ದು ಯಾರು ಎಂದು ಕೇಳಿದ್ದಕ್ಕೆ, "ನಿಮ್ಮನೆಯೋರನ್ನೇ ಕೇಳು" ಎಂದು ಕಿಟಕಿ ಏರಿಸಿಕೊಂಡು ಹೋದ. ಆ ಮಾತು ನನ್ನ ಎದೆಯಲ್ಲಿ ಮುಳ್ಳಿನ ಹಾಗೆ ಮುರಿದುಕೊಂಡಿತು.

ಅವತ್ತೇ ಓಕ್ ಮರದ ಕ್ಯಾಮೆರಾ ನೋಡಲು ಹೋದೆ. ಒಳಗೆ ಕಾರ್ಡು ಇಲ್ಲ. ಕದ್ದವನು ಬೀಗ ಒಡೆದಿರಲಿಲ್ಲ. ಸಂಖ್ಯೆ ತಿರುಗಿಸಿ ತೆಗೆದು, ಕಾರ್ಡು ಕಿತ್ತುಕೊಂಡು, ಮತ್ತೆ ಮುಚ್ಚಿ, ಸಂಖ್ಯೆಯನ್ನು ಕಲಸಿ ಹೋಗಿದ್ದ. ಆ ಬೀಗದ ಸಂಖ್ಯೆ 1919. ನಾನು, ನೀನು, ಅತ್ತೆ, ಅವಳ ಮಗ ಡೆಲ್ಬರ್ಟ್ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಅತ್ತೆ ಮಂಚದಿಂದ ಜಗಲಿಗೆ ಬರುವುದೇ ಕಷ್ಟ. ನೀನು ಡೆಟ್ರಾಯಿಟ್‌ನಲ್ಲಿ.

ಉಳಿದವನು ಡೆಲ್ಬರ್ಟ್. ಅಮ್ಮನ ಕೈ ಹಿಡಿದು ಅರ್ಧ ಪಾಲಿಗೆ ಸಹಿ ಹಾಕಿಸುತ್ತಿದ್ದಾನೆ ಎಂದು ನನ್ನ ತಲೆಗೆ ಹೊಕ್ಕಿತು. ಭಾನುವಾರ ಪ್ರಾರ್ಥನೆ ಮುಗಿದು ಜನ ಇನ್ನೂ ಅಂಗಳದಲ್ಲಿರುವಾಗಲೇ ಹಿಡಿದುಕೊಂಡೆ. "ಎಷ್ಟಕ್ಕೆ ಮಾರ್ದ್ಯೋ?" ಎಂದು ಕಾರ್ಖಾನೆಯ ಮುಷ್ಕರದಲ್ಲಿ ಕೂಗುತ್ತಿದ್ದ ಗಂಟಲಲ್ಲೇ ಕೂಗಿದೆ. ಅವನು ತನ್ನ ಹಳೆಯ ಗಾಡಿಯನ್ನು ತೋರಿಸಿ, "ಅಕ್ಕಾ, ನನ್ನತ್ರ ಮಾರೋಕೇನಾದ್ರೂ ಇದ್ದಿದ್ರೆ ಮೊದ್ಲು ಇದಕ್ಕೆ ಟೈರ್ ಹಾಕಿಸ್ತಿದ್ದೆ. ನಾಲ್ಕರಲ್ಲಿ ಮೂರು ಬೋಳು, ನಾಲ್ಕನೇದು ನನ್ನ ತಲೆ" ಅಂದ. ಜನ ನಕ್ಕರು. ಅವನು ನಗಲಿಲ್ಲ. "ಇಷ್ಟು ವರ್ಷ ನೀನು ಹೊಡೆದ ಒಂದೊಂದು ಜಿಂಕೇನೂ ಹೆಗಲ ಮೇಲೆ ಹೊತ್ತು ತಂದೋನು ನಾನು. ಅನುಮಾನ ಮಾತ್ರ ನಂಗೆ. ದೂರದಲ್ಲಿರೋನು ದೇವ್ರು" ಎಂದು ಹೊರಟುಹೋದ.

ನಿನ್ನ ಪರವಾಗಿ ನಾನು ಅಲ್ಲೇ ಹೇಳಿದೆ, ಐಸಮ್, ಎಲ್ಲರೂ ಕೇಳುವಂತೆ ಹೇಳಿದೆ: "ನನ್ನ ತಮ್ಮ ಇಂಥ ಕೆಲಸ ಮಾಡೋನಲ್ಲ. ಕ್ರಿಸ್‌ಮಸ್‌ಗೂ ರಜ ಸಿಗದೆ ಕಾರಿನ ಕಾರ್ಖಾನೇಲಿ ಡಬಲ್ ಡ್ಯೂಟಿ ಮಾಡ್ತಿದ್ದಾನೆ." ನೀನೇ ಹಾಗೆಂದಿದ್ದೆಯಲ್ಲವೇ?

ಮನೆಗೆ ಬಂದು ಮನಸ್ಸು ತಡೆಯದೆ ಚರ್ಮ ಸುಲಿಯುವ ಕೊಟ್ಟಿಗೆಗೆ ಹೋಗಿ ಕೂತೆ. ಗೋಡೆಯ ತುಂಬ ಅಪ್ಪ ಮೊಳೆ ಹೊಡೆದ ಅಂಗಿ ತುಂಡುಗಳು. ಗುರಿ ತಪ್ಪಿದವರ ಅಂಗಿಯ ಹಿಂಬದಿಯನ್ನು ಜಿಂಕೆ ಸುಲಿಯುವ ಚೂರಿಯಿಂದಲೇ ಕತ್ತರಿಸಿ, ಬಡಗಿಯ ಸೀಸದಲ್ಲಿ ಹೆಸರು ಬರೆದು ತೂಗುಹಾಕುತ್ತಿದ್ದ. ನನ್ನವು ಎರಡಿವೆ. ಡೆಲ್ಬರ್ಟ್‌ನ ತುಂಡುಗಳನ್ನು ಸೇರಿಸಿದರೆ ಒಂದು ಇಡೀ ಅಂಗಿಯೇ ಆಗುತ್ತದೆ. ನಿನ್ನದು ಒಂದೇ, ಕೆಂಪು ಕಪ್ಪು ಚೌಕಳಿಯದು. ಹತ್ತೊಂಬತ್ತು ವರ್ಷದವನು ಕಣ್ಣೆದುರು ನಿಂತ ಜಿಂಕೆಗೂ ಗುರಿ ತಪ್ಪಿದ್ದೆ. ಎಲ್ಲರೂ ಉರುಳಾಡಿ ನಕ್ಕಾಗ ನೀನೂ ನಕ್ಕೆ. ಡೆಟ್ರಾಯಿಟ್‌ಗೆ ಹೊರಟಾಗ ನೀನು ಬೆನ್ನಿನಲ್ಲಿ ಕಿಟಕಿಯಂಥ ತೂತಿದ್ದ ಆ ಅಂಗಿಯನ್ನೇ ಮಡಚಿ ಪೆಟ್ಟಿಗೆಯಲ್ಲಿ ಎಲ್ಲಕ್ಕೂ ಮೇಲಿಟ್ಟೆ. ಅಮ್ಮ ಎಸೆ ಅಂದರೂ ಎಸೆಯಲಿಲ್ಲ.

ಅಲ್ಲಿ ಕೂತಾಗಲೇ ನೆನಪಾಯಿತು. ನಿನಗೆ ಗೊತ್ತಿಲ್ಲದ ವಿಷಯ ಒಂದಿದೆ. ನೀನು ಹೋದ ಮೇಲೆ, ಕಳೆದ ಶರತ್ಕಾಲದಲ್ಲಿ, ಪಕ್ಕದ ಊರಿನವರ ಕ್ಯಾಮೆರಾ ಕಳುವಾಯಿತೆಂದು ಕೇಳಿ ನಾನು ಇನ್ನೊಂದನ್ನು ತಂದು ಎದುರಿನ ಹಿಕರಿ ಮರದ ಮೇಲಿನ ಕೊಂಬೆಗೆ ಕಟ್ಟಿದ್ದೆ. ಕೆಳಗಿನದು ಜಿಂಕೆಯನ್ನು ನೋಡುತ್ತದೆ, ಮೇಲಿನದು ಕೆಳಗಿನದನ್ನು ನೋಡುತ್ತದೆ. ಯಾರೂ ತಲೆಯೆತ್ತಿ ನೋಡುವುದಿಲ್ಲ, ಜಿಂಕೆ ಕೂಡ. ಏಣಿ ಹತ್ತಲು ಮೊಣಕಾಲು ಬಿಡದೆ ನಾನೂ ಅದನ್ನು ತಿಂಗಳುಗಟ್ಟಲೆ ಮುಟ್ಟಿರಲಿಲ್ಲ. ಮರುದಿನ ಅತ್ತೆಯನ್ನು ಬೇಡಿಕೊಂಡೆ, ಅತ್ತೆ ಮಗನನ್ನು ಬೇಡಿಕೊಂಡಳು. ಡೆಲ್ಬರ್ಟ್ ಬಂದ, ಏಣಿ ಇಟ್ಟ, ತಾನೇ ಹತ್ತಿ ಕಾರ್ಡು ಇಳಿಸಿಕೊಟ್ಟ.

ಕಾರ್ಡಿನಲ್ಲಿ ಅಳಿಲು, ಗಾಳಿಗೆ ಅಲ್ಲಾಡುವ ಎಲೆ, ರಕೂನ್, ಮತ್ತೆ ಅಳಿಲು. ಆಮೇಲೆ ಇಬ್ಬರು ಮನುಷ್ಯರು. ಫೋಟೋದ ಕೆಳಗಿನ ಅಂಚಿನಲ್ಲಿ ದಿನಾಂಕ ಇದೆ, ಡಿಸೆಂಬರ್ 27, ಹಗಲು. ಒಬ್ಬ ಹ್ಯಾಸ್ಕ್ಯೂ, ಮುಖ ಬಿಳಿ ತಟ್ಟೆಯಷ್ಟು ಸ್ಪಷ್ಟ. ಇನ್ನೊಬ್ಬ ನಮ್ಮ ಬಣ್ಣದವನು. ಬೆನ್ನು ಕಾಣುತ್ತದೆ, ಮುಖವಿಲ್ಲ, ತಲೆಗೆ ಟೋಪಿ. ಮೂಲೆಗಲ್ಲಿನ ಕಡೆ ಕೈ ಚಾಚಿ ತೋರಿಸುತ್ತಿದ್ದಾನೆ. ಮುಂದಿನ ಚಿತ್ರದಲ್ಲಿ ಕ್ಯಾಮೆರಾದ ಬೀಗದ ಮೇಲೆ ಬಗ್ಗಿದ್ದಾನೆ.

ಡೆಲ್ಬರ್ಟ್ ನನ್ನ ಭುಜದ ಹಿಂದೆ ನಿಂತು ನೋಡಿದ.  ಅವನ ಕಾಲು ಹಿಡಿಯುವುದೊಂದು ಬಾಕಿ ಇತ್ತು. ಊಟಕ್ಕೆ ಕೂರಿಸಿದೆ. ಜೋಳದ ರೊಟ್ಟಿ, ಸೊಪ್ಪು, ಜಿಂಕೆ ಸಾರು. ಎರಡು ಸಲ ಬಡಿಸಿಕೊಂಡು ತಿಂದ. ಅದು ಕ್ಷಮೆ ಎಂದುಕೊಂಡಿದ್ದೇನೆ.

ಆ ಎರಡನೆಯವನು ಯಾರಿರಬಹುದು? ನೀನೇ ಯೋಚಿಸಿ ಹೇಳು. ಕ್ರಿಸ್‌ಮಸ್ ವಾರದಲ್ಲಿ ನಿನ್ನ ಡ್ಯೂಟಿ ಯಾವ ಪಾಳಿ? ನಿನ್ನ ಮನೆ ಸಾಲಕ್ಕೆ ಬ್ಯಾಂಕಿನವರು ಬಾಗಿಲು ಬಡಿಯುತ್ತಿದ್ದಾರೆ ಎಂದು ಕೇಳಿದೆ. ಹೇಳಿದ್ದರೆ ನಾವು ಮೂವರೂ ಕೂತು ಯೋಚಿಸುತ್ತಿದ್ದೆವು. ಅವರಿಗೆ ಬೇಕಿರುವುದೂ ಅದೇ, ನಮ್ಮಲ್ಲೊಬ್ಬ ಒಬ್ಬನೇ ಕೂತು ಯೋಚಿಸಬೇಕು. ತಾತನನ್ನು ಬಂದೂಕು ತೋರಿಸಿ ಎಬ್ಬಿಸಲು ಬಂದಿದ್ದರು, ಎಬ್ಬಿಸಲಾಗಲಿಲ್ಲ. ಈಗ ಬಂದೂಕು ಬೇಕಿಲ್ಲ, ಒಬ್ಬನ ಕಷ್ಟ ಸಾಕು.

ಫೆಬ್ರವರಿಯ ಮೊದಲ ಶನಿವಾರ ಚರ್ಚಿನ ನೆಲಮಾಳಿಗೆಗೆ ವಕೀಲಮ್ಮ ಬರುತ್ತಾಳೆ. ಯಾರೊಬ್ಬರೂ ಒಂಟಿಯಾಗಿ ಮಾರಲಾಗದ ಹಾಗೆ ಭೂಮಿಯನ್ನು ಮನೆತನದ ಒಟ್ಟು ಹೆಸರಿಗೆ ಬರೆಸಬೇಕು. ಅತ್ತೆ ಸಹಿ ಹಾಕುತ್ತಾಳೆ. ನಾನು ಹಾಕುತ್ತೇನೆ. ನೀನು ಬರಬೇಕು. ನಿನ್ನ ಕಾಲು ಪಾಲು ಇನ್ನೂ ನಿನ್ನ ಕೈಯಲ್ಲಿದ್ದರೆ.

ಡೀಕನ್ ಇನ್ನೂ ಬಂದಿಲ್ಲ. ಕಾಯುತ್ತಿದ್ದೇನೆ.

ನಿನ್ನ ಅಕ್ಕ,
ವರ್ನೆಟ್ಟಾ ಟಾಲಿವರ್

ಮರೆತ ಮಾತು: ಲಕೋಟೆಯೊಳಗೆ ಬಟ್ಟೆ ಇದೆ, ಬಿಚ್ಚುವಾಗ ಕೆಳಗೆ ಬೀಳಿಸಬೇಡ. ಕೊಟ್ಟಿಗೆಯ ಗೋಡೆಯಿಂದ ಕಿತ್ತದ್ದು, ಕೆಂಪು ಕಪ್ಪು ಚೌಕಳಿ, ಅಪ್ಪ ಬರೆದ ನಿನ್ನ ಹೆಸರು ಇನ್ನೂ ಮಾಸಿಲ್ಲ. ಬೀಗದ ಮೇಲೆ ಬಗ್ಗಿದವನ ಅಂಗಿಯ ಬೆನ್ನಿನಲ್ಲಿ ಇಷ್ಟೇ ಅಗಲದ ಕಿಟಕಿ ಇದೆ. ಫೋಟೋದ ಪಕ್ಕ ಹಿಡಿದು ನೋಡಿದೆ, ಚೌಕಳಿಗೆ ಚೌಕಳಿ ಕೂಡಿತು. ನಮ್ಮನ್ನು ಮಾರಲು ಬರುವಾಗಲೂ ಅದನ್ನೇ ತೊಟ್ಟು ಬಂದೆಯಲ್ಲೋ! ಇನ್ನೊಂದು ಚಿತ್ರವೂ ಇದೆ. ಹ್ಯಾಸ್ಕ್ಯೂ ಹೋದ ಮೇಲೆ ನೀನು ಅಪ್ಪ ಕೂರುತ್ತಿದ್ದ ಮರದ ಬುಡದಲ್ಲಿ ತಲೆ ಬಗ್ಗಿಸಿ ಕೂತಿದ್ದೀ. ಅಳುತ್ತಿದ್ದೆಯೋ, ಕಾಗದಕ್ಕೆ ಸಹಿ ಹಾಕುತ್ತಿದ್ದೆಯೋ, ಅಷ್ಟು ಮೇಲಿನಿಂದ ಕಾಣುವುದಿಲ್ಲ. ಸಹಿ ಹಾಕಿದ್ದರೆ ಈ ತುಂಡನ್ನು ಅಂಗಿಗೆ ಹೊಲಿದುಕೊ, ಚಳಿಗಾಗುತ್ತದೆ. ಹಾಕಿಲ್ಲದಿದ್ದರೆ ಶನಿವಾರ ಬರುವಾಗ ತಗೊಂಡು ಬಾ. ಗೋಡೆಯ ಮೊಳೆಯನ್ನು ಕಿತ್ತಿಲ್ಲ.