ಎಡಗಿವಿ ಮತ್ತು ಆಟದ ಗಡಿಯಾರ

ನವೆಂಬರ್ ೧೪, ಶನಿವಾರ

ಎಡಗಿವಿ ಮಂದವಾಗಿದೆಯೆಂದು ವಾರವಿಡೀ ಕೊರೆಯುತ್ತಿದ್ದ ಚಿಂತೆ ಇವತ್ತು ಇಳಿಯಿತು. ಹೈಸ್ಕೂಲು ಬ್ಯಾಸ್ಕೆಟ್‌ಬಾಲ್ ಪಂದ್ಯದಲ್ಲಿ ಸೀಟಿ ಊದಿದ ಕೂಡಲೇ ಗಡಿಯಾರ ನಿಲ್ಲಿಸುವುದು ನನ್ನ ಕೆಲಸ. ಸೀಟಿಯೇ ಕೇಳದವನನ್ನು ಮೇಜಿನಿಂದ ಎಬ್ಬಿಸದೆ ಬಿಡುತ್ತಾರೆಯೇ? ಹೆಂಡತಿ ಹೋದ ಮೇಲೆ ನಾನು ಮನೆಯಿಂದ ಹೊರಬೀಳುವುದೇ ಅದೊಂದಕ್ಕೆ.

ಆಟಕ್ಕೆ ಮುಂಚೆ ರೆಫರಿ ಮೇಜಿನ ಹತ್ತಿರ ಬಂದಳು. ನಮ್ಮ ಮಗಳ ವಯಸ್ಸಿನವಳು. ಹಾರ್ನ್ ಒತ್ತಿಸಿದಳು, ಗಡಿಯಾರ ಓಡಿಸಿ ನಿಲ್ಲಿಸಿ ನೋಡಿದಳು.

"ಇನ್ನೇನಾದ್ರೂ ಹೇಳೋದಿದೆಯಾ ಸರ್?"

ಕಾಲೇಜಿನ ಇಂಗ್ಲಿಷಿನಲ್ಲಿ 'ಹಾರ್ಡ್ ಆಫ್ ಹಿಯರಿಂಗ್', ಕಿವಿ ಮಂದ, ಎಂದು ಗಂಭೀರವಾಗಿ ಹೇಳೋಣವೆಂದು ದಾರಿಯುದ್ದಕ್ಕೂ ಉರು ಹೊಡೆದಿದ್ದೆ. ಬಾಯಿಗೆ ಬಂದದ್ದು, "ಮೈ ಲೆಫ್ಟ್ ಇಯರ್ ಈಸ್ ಹಾರ್ಡ್."

ಅವಳು ನಗು ತಡೆದುಕೊಂಡಳು. "ಇಲ್ಲಿ ಯಾರ ಕಿವಿ ನೆಟ್ಟಗಿದೆ ಸರ್? ಜನ ಕಿರುಚೋಕೆ ಶುರು ಮಾಡಿದ್ರೆ ನನ್ನ ಸೀಟಿ ನನಗೇ ಕೇಳಲ್ಲ. ಅದಕ್ಕೇ ಅಲ್ವಾ ಊದೋವಾಗ ಕೈ ಎತ್ತೋದು? ನನ್ನ ಕೈ ನೋಡ್ತಿರಿ, ಸಾಕು."

ಹಾಗೇ ಮಾಡಿದೆ. ಕೊನೆಯ ನಿಮಿಷದಲ್ಲಿ ಚಾವಣಿ ಹಾರಿಹೋಗುವಂಥ ಗದ್ದಲ. ಅವಳ ಕೈ ಮೇಲೆದ್ದಿತು, ಗುಂಡಿ ಒತ್ತಿದೆ. ಎರಡೂ ಕಡೆಯವರು ತಕರಾರು ತೆಗೆಯಲಿಲ್ಲ. ಹೊರಡುವಾಗ, "ಮುಂದಿನ ಶನಿವಾರಾನೂ ನೀವೇ ಬರಬೇಕು" ಎಂದಳು.

ಮನೆಗೆ ಬಂದು ಚಪ್ಪಲಿ ಬಿಡುವಾಗ ಹೊಳೆಯಿತು. ಕೊನೆಕೊನೆಗೆ ನನ್ನ ಹೆಂಡತಿಯೂ ಕೂಗಿ ಕರೆಯುವುದನ್ನು ಬಿಟ್ಟು, ಅಡುಗೆಮನೆ ಬಾಗಿಲಲ್ಲಿ ನಿಂತು ಸೌಟು ಎತ್ತಿ ಹಿಡಿಯುತ್ತಿದ್ದಳು. ಸಿಟ್ಟೆಂದುಕೊಂಡು ನಾನು ಎದ್ದೆನೋ ಬಿದ್ದೆನೋ ಎಂದು ಓಡುತ್ತಿದ್ದೆ. ನನ್ನ ಕಿವಿಯ ವಿಷಯ ನನಗಿಂತ ಮೊದಲೇ ಅವಳಿಗೆ ತಿಳಿದಿತ್ತು ಅನಿಸುತ್ತದೆ. ನನ್ನ ಮನಸ್ಸಿಗೆ ನೋವಾಗದಿರಲಿ ಎಂದು ಬಾಯಿಬಿಟ್ಟು ಹೇಳದೆ, ಬರೀ ಸೌಟು ಎತ್ತಿಕೊಂಡು… ನಿದ್ದೆಗೆ ಕಣ್ಣು ಎಳೆಯುತ್ತಿದೆ.